ಎಚ್ಚರಿಕೆಯೋ ಅಡ್ಡಗಟ್ಟೆಯೋ: ಬ್ರೌಸರ್ ಭದ್ರತಾ ಸೂಚನೆಗಳ ಭಾಷೆಯನ್ನು ಕುರಿತು ಒಂದು ವಿಮರ್ಶೆ

ಸಾರಾಂಶ

ಬ್ರೌಸರ್ ತೋರುವ ಭದ್ರತಾ ಎಚ್ಚರಿಕೆಗಳನ್ನು ಬಳಕೆದಾರರು ಕಡೆಗಣಿಸದಂತೆ ರೂಪಿಸುವುದು ಹೇಗೆ ಎಂಬ ಪ್ರಶ್ನೆಯ ಸುತ್ತ 2008ರಿಂದೀಚೆಗೆ ಗಣನೀಯ ಸಂಶೋಧನೆ ನಡೆದಿದೆ. ಈ ಸಂಶೋಧನೆಯು ಎಚ್ಚರಿಕೆಯ ಪಾಲನೆಯನ್ನು ಹೆಚ್ಚಿಸುವಲ್ಲಿ ಯಶಸ್ಸು ಕಂಡಿದೆ. ಅದರ ಗ್ರಹಿಕೆಯನ್ನು ಹೆಚ್ಚಿಸುವಲ್ಲಿ ಸೋತಿದೆ. ಪ್ರಸ್ತುತ ಲೇಖನವು ಈ ಅಂತರವನ್ನು ಮಾತಿನ ಕ್ರಿಯೆಯ ಸಿದ್ಧಾಂತದ ನೆಲೆಯಲ್ಲಿ ಪರಿಶೀಲಿಸುತ್ತದೆ. ಗ್ರಹಿಕೆಯಿಲ್ಲದ ಪಾಲನೆಯನ್ನು ಎಚ್ಚರಿಕೆಯ ಯಶಸ್ಸೆಂದು ಎಣಿಸಲಾಗದು ಎಂಬುದು ನಮ್ಮ ವಾದ. ಕನ್ನಡದಲ್ಲಿ ಎಚ್ಚರಿಸುವ ಮಾತಿನ ವ್ಯಾಕರಣವನ್ನು ಗಮನಿಸಿ, ಇಂಗ್ಲಿಷಿನಿಂದ ಪದಶಃ ಬರುವ ಎಚ್ಚರಿಕೆಗಳು ಎಲ್ಲಿ ಸಡಿಲಗೊಳ್ಳುತ್ತವೆ ಎಂಬುದನ್ನೂ ತೋರಿಸಲಾಗಿದೆ.

ಪದಸೂಚಿ: ಎಚ್ಚರಿಕೆ, ಮಾತಿನ ಕ್ರಿಯೆ, ಗ್ರಹಿಕೆ, ಪಾಲನೆ, ಸಂಭಾವನಾರ್ಥಕ, ಬ್ರೌಸರ್, ಅನುವಾದ

1. ಪೀಠಿಕೆ

ಸುರಕ್ಷಿತ ಸಂಪರ್ಕದ ಮೂಲಕ ಜಾಲತಾಣವೊಂದನ್ನು ತೆರೆಯುವ ಮುನ್ನ ಬ್ರೌಸರ್ ಆ ತಾಣದ ಗುರುತನ್ನು ಪರಿಶೀಲಿಸುತ್ತದೆ. ತಾಣವು ಒಪ್ಪಿಸುವ ಪ್ರಮಾಣಪತ್ರಕ್ಕೆ ತಾನು ನಂಬುವ ಸಂಸ್ಥೆಯೊಂದರ ಸಹಿ ಇದೆಯೇ, ಅದರ ಅವಧಿ ಮುಗಿದಿದೆಯೇ, ಅದರಲ್ಲಿರುವ ಹೆಸರು ತಾಣದ ವಿಳಾಸಕ್ಕೆ ಹೊಂದುತ್ತದೆಯೇ ಎಂದು ನೋಡುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಪುಟದ ಬದಲು ಎಚ್ಚರಿಕೆಯೊಂದು ಪರದೆಯನ್ನು ತುಂಬುತ್ತದೆ. ಅದರಲ್ಲಿ ಒಂದು ಶೀರ್ಷಿಕೆ, ಎರಡು ಮೂರು ವಾಕ್ಯ, ಒಂದೆರಡು ಗುಂಡಿಗಳು ಇರುತ್ತವೆ. ಓದುವವನು ಹಿಂದಿರುಗಬೇಕು, ಇಲ್ಲವೇ ಅಪಾಯವನ್ನು ಒಪ್ಪಿಕೊಂಡು ಮುಂದೆ ಹೋಗಬೇಕು.

ಇಷ್ಟು ಚಿಕ್ಕ ಪಠ್ಯದ ಮೇಲೆ ಬಹಳ ದೊಡ್ಡ ಹೊಣೆ ಬಿದ್ದಿದೆ. ಬ್ಯಾಂಕಿನ ಖಾತೆ, ಆಸ್ಪತ್ರೆಯ ದಾಖಲೆ, ಸರ್ಕಾರಿ ಅರ್ಜಿ, ಆಪ್ತರ ಪತ್ರ ಇವೆಲ್ಲವೂ ಈಗ ಇದೇ ದಾರಿಯಲ್ಲಿ ಸಾಗುತ್ತವೆ. ಆದರೂ ಈ ಪಠ್ಯಗಳ ಅಧ್ಯಯನವನ್ನು ಭಾಷಾವಿಜ್ಞಾನಿಗಳಾದ ನಾವು ಬಹುಮಟ್ಟಿಗೆ ಕಂಪ್ಯೂಟರ್ ವಿಜ್ಞಾನಿಗಳಿಗೇ ಬಿಟ್ಟುಕೊಟ್ಟಿದ್ದೇವೆ. ಅವರು ಆ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದ್ದಾರೆ. ಅವರ ಸಾಧನೆಯನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಅವರು ಕೇಳಿಕೊಂಡ ಪ್ರಶ್ನೆಯ ರೂಪವನ್ನು ಪರೀಕ್ಷಿಸುವುದು ನಮ್ಮ ಉದ್ದೇಶ. ‘ಬಳಕೆದಾರರು ಎಚ್ಚರಿಕೆಯನ್ನು ಏಕೆ ಕಡೆಗಣಿಸುತ್ತಾರೆ?’ ಎಂಬ ಪ್ರಶ್ನೆಯಲ್ಲಿ ತಪ್ಪು ಕೇಳುಗನದು ಎಂಬ ತೀರ್ಮಾನ ಮೊದಲೇ ಅಡಗಿದೆ. ‘ಈ ಮಾತು ಎಚ್ಚರಿಕೆಯಾಗಿ ನಿಲ್ಲುತ್ತದೆಯೇ?’ ಎಂದು ಕೇಳಿದರೆ ನೋಟ ನುಡಿದವನ ಕಡೆಗೆ ಹೊರಳುತ್ತದೆ.

2. ಸಂಶೋಧನೆ ಸಾಗಿಬಂದ ಹಾದಿ

2008ರಲ್ಲಿ ಸರ್ಜ್ ಎಗೆಲ್‌ಮನ್, ಲೋರಿ ಕ್ರೇನರ್ ಮತ್ತು ಜೇಸನ್ ಹಾಂಗ್ ಅವರು ನಕಲಿ ತಾಣಗಳ ವಿರುದ್ಧದ ಎಚ್ಚರಿಕೆಗಳನ್ನು 60 ಮಂದಿಯ ಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಅವರಲ್ಲಿ ಶೇ. 97ರಷ್ಟು ಮಂದಿ ಒಂದಾದರೂ ವಂಚಕ ಸಂದೇಶಕ್ಕೆ ಮರುಳಾದರು. ಕೆಲಸವನ್ನು ತಡೆದು ನಿಲ್ಲಿಸಿದ ‘ಸಕ್ರಿಯ’ ಎಚ್ಚರಿಕೆಯನ್ನು ಕಂಡವರಲ್ಲಿ ಶೇ. 79ರಷ್ಟು ಮಂದಿ ಅದಕ್ಕೆ ಕಿವಿಗೊಟ್ಟರೆ, ಪುಟದ ಅಂಚಿನಲ್ಲಿ ಸುಮ್ಮನೆ ಕಾಣಿಸಿಕೊಂಡ ‘ನಿಷ್ಕ್ರಿಯ’ ಎಚ್ಚರಿಕೆಗೆ ಕಿವಿಗೊಟ್ಟವರು ಒಬ್ಬರೇ. ಎಚ್ಚರಿಕೆಯು ಓದುಗನ ದಾರಿಗೆ ಅಡ್ಡ ನಿಲ್ಲಬೇಕು ಎಂಬ ತತ್ತ್ವಕ್ಕೆ ಈ ಪ್ರಯೋಗದಿಂದ ಬಲ ಬಂತು.

ಮರುವರ್ಷ ಜೋಶುವಾ ಸನ್‌ಶೈನ್ ಮತ್ತು ಸಂಗಡಿಗರು ಪ್ರಮಾಣಪತ್ರದ ಎಚ್ಚರಿಕೆಗಳನ್ನು ಕೈಗೆತ್ತಿಕೊಂಡರು. 400ಕ್ಕೂ ಹೆಚ್ಚು ಮಂದಿಯ ಸಮೀಕ್ಷೆ ಹಾಗೂ 100 ಮಂದಿಯ ಪ್ರಯೋಗವನ್ನು ಆಧರಿಸಿದ ಆ ಪ್ರಬಂಧದ ಶೀರ್ಷಿಕೆಯು ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆಯನ್ನು ನೆನಪಿಸುತ್ತದೆ. ಅವರು ಹೊಸದಾಗಿ ರೂಪಿಸಿದ ಎಚ್ಚರಿಕೆಗಳು ಹಳೆಯವಕ್ಕಿಂತ ಮೇಲಾಗಿದ್ದವು. ಆದರೂ ಎಲ್ಲ ಬಗೆಗಳಲ್ಲಿಯೂ ಅಪಾಯಕ್ಕೆ ಒಡ್ಡಿಕೊಂಡವರ ಸಂಖ್ಯೆ ಹೆಚ್ಚೇ ಇತ್ತು. ಎಚ್ಚರಿಕೆಗಳನ್ನು ತಿದ್ದುವುದಕ್ಕಿಂತ ಅವುಗಳ ಬಳಕೆಯನ್ನೇ ತಗ್ಗಿಸಬೇಕು, ಅಪಾಯವಿಲ್ಲದಲ್ಲಿ ಸುಮ್ಮನಿದ್ದು ಅಪಾಯವಿರುವಲ್ಲಿ ನೇರವಾಗಿ ತಡೆಯಬೇಕು ಎಂಬ ದಿಕ್ಕಿನ ತೀರ್ಮಾನಕ್ಕೆ ಅವರು ಬಂದರು.

2013ರಲ್ಲಿ ದೇವದತ್ತ ಅಖಾವೆ ಮತ್ತು ಏಡ್ರಿಯನ್ ಪೋರ್ಟರ್ ಫೆಲ್ಟ್ ಪ್ರಯೋಗಾಲಯದಿಂದ ಹೊರಬಂದು, ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರ್‌ಗಳಲ್ಲಿ ನಿಜವಾಗಿ ಕಾಣಿಸಿಕೊಂಡ 2.5 ಕೋಟಿಗೂ ಹೆಚ್ಚು ಎಚ್ಚರಿಕೆಗಳ ಫಲಿತಾಂಶವನ್ನು ಪ್ರಕಟಿಸಿದರು. ದುರುದ್ದೇಶದ ತಂತ್ರಾಂಶ ಮತ್ತು ನಕಲಿ ತಾಣಗಳ ಎಚ್ಚರಿಕೆಯನ್ನು ದಾಟಿ ಹೋದವರು ಎರಡೂ ಬ್ರೌಸರ್‌ಗಳಲ್ಲಿ ಕಾಲುಭಾಗಕ್ಕಿಂತ ಕಡಿಮೆ. ಪ್ರಮಾಣಪತ್ರದ ಎಚ್ಚರಿಕೆಯ ವಿಷಯದಲ್ಲಿ ಚಿತ್ರ ಬೇರೆಯಾಗಿತ್ತು: ಫೈರ್‌ಫಾಕ್ಸ್‌ನಲ್ಲಿ ಶೇ. 33.0, ಕ್ರೋಮ್‌ನಲ್ಲಿ ಶೇ. 70.2. ಬಳಕೆದಾರರು ಯಾವ ಎಚ್ಚರಿಕೆಯನ್ನೂ ಓದುವುದಿಲ್ಲ ಎಂಬ ಸಾಮಾನ್ಯ ನಂಬಿಕೆ ಇದರಿಂದ ಕುಸಿಯಿತು. ಒಂದೇ ಅಪಾಯವನ್ನು ಕುರಿತ ಎರಡು ಪಠ್ಯಗಳ ನಡುವೆ ಇಷ್ಟು ಅಂತರವಿದ್ದರೆ, ಅದರ ಕಾರಣವನ್ನು ಓದುಗರ ಸ್ವಭಾವದಲ್ಲಿ ಮಾತ್ರ ಹುಡುಕಲಾಗದು.

ಈ ಸರಣಿಯ ಶಿಖರವೆನ್ನಬಹುದಾದದ್ದು 2015ರಲ್ಲಿ ಫೆಲ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧ. ಅವರು ತಮ್ಮ ಮುಂದೆ ಎರಡು ಗುರಿಗಳನ್ನು ಇಟ್ಟುಕೊಂಡಿದ್ದರು: ಓದುಗನು ಎಚ್ಚರಿಕೆಯನ್ನು ಅರಿಯಬೇಕು, ಮತ್ತು ಅದರಂತೆ ನಡೆಯಬೇಕು. ಮೊದಲನೆಯದು ಗ್ರಹಿಕೆ, ಎರಡನೆಯದು ಪಾಲನೆ. ಪಾರಿಭಾಷಿಕ ಪದಗಳನ್ನು ಬಿಟ್ಟರು, ವಾಕ್ಯಗಳನ್ನು ಮೊಟಕುಗೊಳಿಸಿದರು, ಅಪಾಯವನ್ನು ಹೆಸರಿಸಿ ಹೇಳಿದರು. ಜೊತೆಗೆ ವಿನ್ಯಾಸದಲ್ಲಿಯೇ ಒಂದು ಪಕ್ಷ ವಹಿಸಿದರು: ಹಿಂದಿರುಗುವ ಗುಂಡಿಯನ್ನು ಎದ್ದು ಕಾಣುವಂತೆ ಇಟ್ಟು, ಮುಂದೆ ಹೋಗುವ ದಾರಿಯನ್ನು ‘ಹೆಚ್ಚಿನ ವಿವರ’ದಂತಹ ಕೊಂಡಿಯ ಹಿಂದೆ ಮರೆಮಾಡಿದರು. ಫಲಿತಾಂಶವನ್ನು ಅವರು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಹಳೆಯ ಎಚ್ಚರಿಕೆಗೆ ಹೋಲಿಸಿದರೆ ಒಟ್ಟು ಬಳಕೆದಾರರಲ್ಲಿ ಶೇ. 30ರ ಸಮೀಪದಷ್ಟು ಹೆಚ್ಚು ಮಂದಿ ಸುರಕ್ಷಿತ ದಾರಿಯನ್ನು ಆಯ್ದರು. ಗ್ರಹಿಕೆಯ ಗುರಿ ಮಾತ್ರ ಈಡೇರಲಿಲ್ಲ. ಅಪಾಯ ಯಾರಿಂದ, ಯಾವ ಮಾಹಿತಿಗೆ, ಸೂಚನೆ ಸುಳ್ಳಾಗಿರುವ ಸಾಧ್ಯತೆ ಎಷ್ಟು ಎಂಬುದು ಓದುಗರಿಗೆ ಅಸ್ಪಷ್ಟವಾಗಿಯೇ ಉಳಿಯಿತು.

ಪದಗಳು ಸೋತಲ್ಲಿ ಗುಂಡಿಗಳು ಗೆದ್ದವು. ಇದನ್ನು ಉದ್ಯಮವು ಯಶಸ್ಸೆಂದು ಸ್ವೀಕರಿಸಿತು. ನಮ್ಮ ಭಿನ್ನಾಭಿಪ್ರಾಯ ಆರಂಭವಾಗುವುದು ಇಲ್ಲಿಂದ.

3. ಎಚ್ಚರಿಸುವುದೆಂಬ ಕ್ರಿಯೆ

ಜೆ. ಎಲ್. ಆಸ್ಟಿನ್ ಅವರು 1955ರಲ್ಲಿ ನೀಡಿ 1962ರಲ್ಲಿ ಪುಸ್ತಕವಾದ ಉಪನ್ಯಾಸಗಳಲ್ಲಿ, ನುಡಿಯುವುದರಲ್ಲೇ ನಡೆದುಹೋಗುವ ಕ್ರಿಯೆಯನ್ನೂ ನುಡಿದುದರಿಂದ ಕೇಳುಗನಲ್ಲಿ ಉಂಟಾಗುವ ಪರಿಣಾಮವನ್ನೂ ಬೇರ್ಪಡಿಸಿದರು. ಎಚ್ಚರಿಸುವುದು ಮೊದಲನೆಯ ಬಗೆಗೆ ಸೇರುತ್ತದೆ. ಹೆದರಿಸುವುದು, ತಡೆಯುವುದು, ಮನವೊಲಿಸುವುದು ಎರಡನೆಯದಕ್ಕೆ. ಎಚ್ಚರಿಕೆ ನೆರವೇರಲು ಕೇಳುಗನು ಅದನ್ನು ಪಾಲಿಸಬೇಕಾಗಿಲ್ಲ. ಆದರೆ ಅದನ್ನು ಎಚ್ಚರಿಕೆಯೆಂದು ಗ್ರಹಿಸಲೇಬೇಕು. ಗ್ರಹಿಕೆಯಿಲ್ಲದೆ ಕ್ರಿಯೆಯೇ ಪೂರ್ಣವಾಗುವುದಿಲ್ಲ ಎಂಬುದು ಆಸ್ಟಿನ್ ಅವರ ನಿಲುವು.

1969ರಲ್ಲಿ ಜಾನ್ ಸರ್ಲ್ ಈ ಕ್ರಿಯೆಯ ನಿಬಂಧನೆಗಳನ್ನು ಬಿಡಿಸಿಟ್ಟರು. ಮುಂದೆ ಒಂದು ಘಟನೆ ಒದಗಲಿದೆ, ಅದು ಕೇಳುಗನಿಗೆ ಹಿತವಲ್ಲ ಎಂದು ನಂಬಲು ಕಾರಣವಿರಬೇಕು. ಅದು ಒದಗುತ್ತದೆಂಬುದು ಇಬ್ಬರಿಗೂ ಮೊದಲೇ ಸ್ಪಷ್ಟವಾಗಿರಬಾರದು. ಅದು ಅಹಿತವೆಂದು ಹೇಳುವವನು ಪ್ರಾಮಾಣಿಕವಾಗಿ ನಂಬಿರಬೇಕು. ಸರ್ಲ್ ಎಚ್ಚರಿಕೆಯನ್ನು ಬೇಡಿಕೆಯ ಜೊತೆಗಲ್ಲ, ಸಲಹೆಯ ಜೊತೆಗೆ ಇರಿಸುತ್ತಾರೆ ಎಂಬುದು ಇಲ್ಲಿ ಮುಖ್ಯ. ಎಚ್ಚರಿಸುವವನು ‘ಹೀಗೆ ಮಾಡು’ ಎಂದು ಹೇರುವುದಿಲ್ಲ. ‘ಹೀಗೆ ಮಾಡದಿದ್ದರೆ ಹೀಗಾಗುತ್ತದೆ’ ಎಂದು ತಿಳಿಸುತ್ತಾನೆ. ನಿರ್ಧಾರ ಕೇಳುಗನ ಕೈಯಲ್ಲೇ ಉಳಿಯುತ್ತದೆ.

ನಮ್ಮ ನಾಡಿನ ಗೋಡೆಬರಹಗಳಲ್ಲೇ ಈ ವ್ಯತ್ಯಾಸ ಕಾಣುತ್ತದೆ. ಮನೆಯ ಗೇಟಿಗೆ ತೂಗುವ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ ಮೊದಲು ಸಂಗತಿಯನ್ನು ಹೇಳುತ್ತದೆ, ಬಳಿಕ ಕ್ರಿಯೆಯನ್ನು ಹೆಸರಿಸುತ್ತದೆ. ಒಳಗೆ ಹೋಗಬಾರದೆಂದು ಅದು ಹೇಳುವುದಿಲ್ಲ. ನಾಯಿಯನ್ನು ಬಲ್ಲವನು ಹೋಗುತ್ತಾನೆ, ಅರಿಯದವನು ಮನೆಯವರನ್ನು ಕೂಗುತ್ತಾನೆ. ಬಸ್ಸಿನ ಕಿಟಕಿಯ ಬಳಿ ಇರುವ ‘ಕೈ, ತಲೆ ಹೊರಗೆ ಚಾಚಬೇಡಿ’ ಎಂಬುದಾದರೋ ನಿಷೇಧ. ಅಲ್ಲಿ ಕಾರಣ ಹೇಳುವ ಅಗತ್ಯ ಕಾಣುವುದಿಲ್ಲ, ಏಕೆಂದರೆ ಚಾಚಬೇಕಾದ ಸಂದರ್ಭವೂ ಇರುವುದಿಲ್ಲ. ಎರಡೂ ಮನುಷ್ಯರನ್ನು ಕಾಯುತ್ತವೆ. ಆದರೆ ಒಂದು ಅರಿವಿನ ಮೂಲಕ ಕಾಯುತ್ತದೆ, ಇನ್ನೊಂದು ವಿಧೇಯತೆಯ ಮೂಲಕ.

‘ಎಚ್ಚರಿಕೆ’ ಎಂಬ ನಮ್ಮ ಪದವೂ ಇದನ್ನೇ ಸೂಚಿಸುತ್ತದೆ. ‘ಎಚ್ಚರ’ ಎಂದರೆ ನಿದ್ದೆಯಿಲ್ಲದ ಸ್ಥಿತಿ. ‘ಎಚ್ಚರಿಸು’ ಎಂದರೆ ನಿದ್ದೆಯಿಂದ ಎಬ್ಬಿಸು ಎಂದೂ ಹೌದು, ಅಪಾಯವನ್ನು ತಿಳಿಸು ಎಂದೂ ಹೌದು. ಮಲಗಿದವನನ್ನು ಎತ್ತಿ ಬೇರೆಡೆಗೆ ಸಾಗಿಸಿದರೆ ಅವನು ಬೆಂಕಿಯಿಂದ ಪಾರಾದಾನು. ಆದರೆ ಯಾರೂ ಅವನನ್ನು ಎಚ್ಚರಿಸಿದಂತಾಗುವುದಿಲ್ಲ. 2015ರ ವಿನ್ಯಾಸವು ಬಳಕೆದಾರನನ್ನು ಹೀಗೆ ಸಾಗಿಸುತ್ತದೆ. ಅದರ ಹಿತೈಷಿತನದ ಬಗ್ಗೆ ನಮಗೆ ಸಂಶಯವಿಲ್ಲ. ಅದನ್ನು ಎಚ್ಚರಿಕೆಯೆಂದು ಕರೆಯಬಹುದೇ ಎಂಬುದಷ್ಟೇ ನಮ್ಮ ಪ್ರಶ್ನೆ.

4. ಕಡೆಗಣಿಸುವವನ ತರ್ಕ

ತೋಳದ ಕಥೆಯನ್ನು ಸಾಮಾನ್ಯವಾಗಿ ಹುಡುಗನ ಸುಳ್ಳಿನ ಕಥೆಯಾಗಿ ಓದುತ್ತೇವೆ. ಊರವರ ಕಡೆಯಿಂದ ಓದಿದರೆ ಅದು ಪ್ರಾಮಾಣಿಕತೆಯ ನಿಬಂಧನೆ ಮುರಿದುಬಿದ್ದ ಕಥೆ. ಮೂರನೆಯ ಕೂಗು ಅವರ ಕಿವಿಗೆ ಬೀಳಲಿಲ್ಲವೆಂದಲ್ಲ. ಆ ಬಾಯಿಂದ ಬರುವ ಆ ಮಾತಿಗೆ ಅರ್ಥ ಉಳಿದಿಲ್ಲವೆಂದು ಅವರು ತೀರ್ಮಾನಿಸಿದ್ದರು. ಅದು ಅಲಕ್ಷ್ಯವಲ್ಲ, ಅನುಭವದಿಂದ ಹುಟ್ಟಿದ ಅನುಮಾನ.

ಬ್ರೌಸರ್ ಬಳಕೆದಾರನ ಸ್ಥಿತಿಯೂ ಇದೇ. 2009ರಲ್ಲಿ ಕಾರ್ಮಕ್ ಹರ್ಲಿ, ಭದ್ರತೆಯ ಸಲಹೆಗಳನ್ನು ಜನ ತಳ್ಳಿಹಾಕುವುದು ಆರ್ಥಿಕ ದೃಷ್ಟಿಯಿಂದ ವಿವೇಕಯುತವೆಂದು ವಾದಿಸಿದರು. ಸಲಹೆಯನ್ನು ಪಾಲಿಸಲು ತಗಲುವ ಸಮಯದ ಬೆಲೆ, ಅದರಿಂದ ತಪ್ಪುವ ನಷ್ಟಕ್ಕಿಂತ ಹೆಚ್ಚು ಎಂಬುದು ಅವರ ಲೆಕ್ಕ. ಪ್ರಮಾಣಪತ್ರದ ಎಚ್ಚರಿಕೆಗಳಲ್ಲಿ ಹೆಚ್ಚಿನವು ಹುಸಿ ಎಂಬುದು ಈ ವಾದದ ಒಂದು ಆಧಾರ. 2017ರಲ್ಲಿ ಮುಸ್ತಫಾ ಅಜೆರ್ ಮತ್ತು ಸಂಗಡಿಗರು ಕ್ರೋಮ್‌ನಲ್ಲಿ ಕಾಣುವ ಇಂತಹ ದೋಷಗಳ ಮೂಲ ಕಾರಣಗಳನ್ನು ಶೋಧಿಸಿದಾಗ, ಅರ್ಧಕ್ಕಿಂತ ಹೆಚ್ಚಿನವು ತಾಣದ ತಪ್ಪಿನಿಂದಲ್ಲ, ಬಳಕೆದಾರನ ಯಂತ್ರದಿಂದಲೋ ಅವನು ಬಳಸುವ ಜಾಲದಿಂದಲೋ ಹುಟ್ಟಿದವು ಎಂದು ತಿಳಿದುಬಂತು. ಕಂಪ್ಯೂಟರಿನ ಗಡಿಯಾರ ಹಿಂದೆ ಬಿದ್ದಿದ್ದರೆ ಸರಿಯಾದ ಪ್ರಮಾಣಪತ್ರವೂ ತಪ್ಪಾಗಿ ಕಾಣುತ್ತದೆ. ಸಾರ್ವಜನಿಕ ವೈಫೈ ತನ್ನ ಪ್ರವೇಶ ಪುಟವನ್ನು ತೋರಲು ಸಂಪರ್ಕವನ್ನು ತಡೆದರೂ ಅದೇ ಎಚ್ಚರಿಕೆ ಬರುತ್ತದೆ. ಇಂತಹ ಸಂದರ್ಭಗಳಲ್ಲೆಲ್ಲ ‘ಕಳ್ಳನಿರಬಹುದು’ ಎಂಬ ಒಂದೇ ವಾಕ್ಯ ಮೂಡಿದರೆ, ಹೇಳುವವನು ತನಗೆ ಆಧಾರವಿಲ್ಲದ ಮಾತನ್ನಾಡಿದಂತಾಯಿತು. ಗ್ರೈಸ್ ವಿವರಿಸಿದ ಸಹಕಾರ ತತ್ತ್ವದ ಪ್ರಕಾರ ಇದು ಸತ್ಯದ ನಿಯಮದ ಭಂಗ. ಕೇಳುಗನು ನಂಬಿಕೆಯನ್ನು ಹಿಂತೆಗೆದುಕೊಳ್ಳುವುದು ಅದರ ಸಹಜ ಫಲ.

ಆದ್ದರಿಂದ ಅಜೆರ್ ಮತ್ತು ಸಂಗಡಿಗರ ಪರಿಹಾರವನ್ನು ನಾವು ಈ ಇಡೀ ಸರಣಿಯ ಅತ್ಯಂತ ಭಾಷಿಕವಾದ ಪರಿಹಾರವೆಂದು ಪರಿಗಣಿಸುತ್ತೇವೆ. ಅವರು ಎಚ್ಚರಿಕೆಯ ಬಣ್ಣ ಬದಲಿಸಲಿಲ್ಲ. ಕಾರಣವನ್ನು ಗುರುತಿಸಬಹುದಾದ ಕಡೆ ಬೇರೆಯದೇ ಮಾತನ್ನಾಡಿಸಿದರು. ಗಡಿಯಾರ ತಪ್ಪಿದ್ದರೆ ಗಡಿಯಾರ ತಪ್ಪಿದೆಯೆಂದು ಹೇಳಬೇಕು. ವೈಫೈಗೆ ಪ್ರವೇಶ ಬೇಕಿದ್ದರೆ ಅದನ್ನು ಹೇಳಬೇಕು. ಹೀಗೆ ಸುಮಾರು ಕಾಲುಭಾಗದಷ್ಟು ದೋಷಗಳಲ್ಲಿ ಹಳೆಯ ಎಚ್ಚರಿಕೆಯ ಬದಲು ಉಪಯುಕ್ತ ಮಾತನ್ನಿಡಬಹುದೆಂದು ಅವರು ತೋರಿಸಿದರು. ತೋಳವಿಲ್ಲದಾಗ ‘ಕುರಿಯೊಂದು ತಪ್ಪಿಸಿಕೊಂಡಿದೆ’ ಎಂದು ಹೇಳಲು ಕಲಿತ ಹುಡುಗನನ್ನು ಊರವರು ಮುಂದೆಯೂ ನಂಬಿಯಾರು.

5. ಪಾಲನೆ ಸಾಲದು ಎಂಬುದಕ್ಕೆ ಒಂದು ನಿದರ್ಶನ

ಗ್ರಹಿಕೆ ಏಕೆ ಬೇಕು? ಗಡಿಬಿಡಿಯಲ್ಲಿರುವ ಸಾಮಾನ್ಯ ಬಳಕೆದಾರ ಅಪಾಯದಿಂದ ಹಿಂದೆ ಸರಿದರೆ ಸಾಲದೇ? ಪಾಲನೆಯ ಪರವಾದ ಅತ್ಯಂತ ಗಟ್ಟಿ ಆಕ್ಷೇಪ ಇದು. ಇದಕ್ಕೆ 2011ರ ಡಿಜಿನೋಟಾರ್ ಪ್ರಕರಣ ಉತ್ತರ ನೀಡುತ್ತದೆ.

ಡಿಜಿನೋಟಾರ್ ಪ್ರಮಾಣಪತ್ರಗಳಿಗೆ ಸಹಿ ಹಾಕುವ ನೆದರ್‌ಲ್ಯಾಂಡ್ಸ್‌ನ ಒಂದು ಸಂಸ್ಥೆಯಾಗಿತ್ತು. ಅದರ ವ್ಯವಸ್ಥೆಗೆ ನುಗ್ಗಿದವರು 2011ರ ಜುಲೈನಲ್ಲಿ ಗೂಗಲ್‌ನ ಹೆಸರಿನಲ್ಲಿ ಒಂದು ಪ್ರಮಾಣಪತ್ರವನ್ನು ಸೃಷ್ಟಿಸಿಕೊಂಡರು. ಇರಾನ್‌ನಲ್ಲಿ ಆ ಪತ್ರವನ್ನು ಬಳಸಿ, ಬಳಕೆದಾರರ ಮತ್ತು ಜಿಮೇಲ್‌ನ ನಡುವೆ ನಿಂತು ಸಂಪರ್ಕಗಳನ್ನು ಕದ್ದು ನೋಡಲಾಯಿತು. ತನಿಖಾ ವರದಿಯ ಪ್ರಕಾರ ಸುಮಾರು 3 ಲಕ್ಷ ಐಪಿ ವಿಳಾಸಗಳು ಈ ಬಲೆಗೆ ಸಿಕ್ಕಿದ್ದವು; ಬಹುತೇಕ ಎಲ್ಲವೂ ಇರಾನಿನವು. ಸಹಿ ಅಧಿಕೃತ ಸಂಸ್ಥೆಯದೇ ಆಗಿದ್ದರಿಂದ ಹೆಚ್ಚಿನ ಬ್ರೌಸರ್‌ಗಳು ಮೌನವಾಗಿದ್ದವು. ಗೂಗಲ್‌ನ ತಾಣಗಳಿಗೆ ಯಾರ ಸಹಿ ಸಲ್ಲುತ್ತದೆಂಬುದನ್ನು ಮೊದಲೇ ತನ್ನಲ್ಲಿ ಬರೆದಿಟ್ಟುಕೊಂಡಿದ್ದ ಕ್ರೋಮ್ ಮಾತ್ರ ಎಚ್ಚರಿಸಿತು. ಆಗಸ್ಟ್ ಕೊನೆಯಲ್ಲಿ ಇರಾನಿನ ಬಳಕೆದಾರರೊಬ್ಬರು ಆ ಎಚ್ಚರಿಕೆಯನ್ನು ಕಂಡು, ಇದು ದಾಳಿಯಿರಬಹುದೇ ಎಂದು ಸಾರ್ವಜನಿಕವಾಗಿ ಪ್ರಶ್ನಿಸಿದರು. ಪ್ರಕರಣ ಬಯಲಿಗೆ ಬಂದದ್ದು ಹಾಗೆ. ಬ್ರೌಸರ್‌ಗಳು ಡಿಜಿನೋಟಾರ್‌ನಲ್ಲಿ ಇಟ್ಟಿದ್ದ ನಂಬಿಕೆಯನ್ನು ಹಿಂತೆಗೆದುಕೊಂಡವು. ಸೆಪ್ಟೆಂಬರಿನಲ್ಲಿ ಅದು ದಿವಾಳಿಯಾಯಿತು.

ಆ ಬಳಕೆದಾರರು ಕೇವಲ ಪಾಲಿಸುವವರಾಗಿದ್ದರೆ ಹಿಂದಿರುಗುವ ಗುಂಡಿಯನ್ನೊತ್ತಿ ಸುಮ್ಮನಾಗುತ್ತಿದ್ದರು. ಅವರೊಬ್ಬರು ಪಾರಾಗುತ್ತಿದ್ದರು, ಉಳಿದ ಲಕ್ಷಾಂತರ ಮಂದಿಯ ಪತ್ರಗಳು ಇನ್ನಷ್ಟು ದಿನ ಪರರ ಕಣ್ಣಿಗೆ ಬೀಳುತ್ತಿದ್ದವು. ಅವರು ಎಚ್ಚರಿಕೆಯನ್ನು ಓದಿದರು, ಅರ್ಥ ಮಾಡಿಕೊಂಡರು, ಅದನ್ನು ಮತ್ತೊಬ್ಬರಿಗೆ ಹೇಳಬಲ್ಲ ಮಾತಾಗಿಸಿದರು. ಗ್ರಹಿಸಿದ ಎಚ್ಚರಿಕೆಯನ್ನು ದಾಟಿಸಬಹುದು. ಪಾಲಿಸಿದ ಆಜ್ಞೆ ಪಾಲಿಸಿದವನಲ್ಲೇ ಮುಗಿಯುತ್ತದೆ.

ಮೌನವೂ ಇಲ್ಲಿ ಒಂದು ಮಾತೇ. 2014ರ ಜುಲೈನಲ್ಲಿ ಭಾರತದ ರಾಷ್ಟ್ರೀಯ ಮಾಹಿತಿ ಕೇಂದ್ರದ ಪ್ರಮಾಣಪತ್ರ ವ್ಯವಸ್ಥೆಯಿಂದ ಗೂಗಲ್‌ನ ಹೆಸರಿನಲ್ಲಿ ಅನಧಿಕೃತ ಪತ್ರಗಳು ಹೊರಬಂದದ್ದು ಪತ್ತೆಯಾಯಿತು. ಮೈಕ್ರೋಸಾಫ್ಟ್‌ನ ನಂಬಿಕಸ್ಥರ ಪಟ್ಟಿಯಲ್ಲಿ ಭಾರತದ ಮೂಲಪತ್ರ ಇದ್ದುದರಿಂದ ವಿಂಡೋಸ್‌ನ ಬಹುಪಾಲು ತಂತ್ರಾಂಶಗಳು ಅಂತಹ ಪತ್ರಗಳನ್ನು ಒಪ್ಪುವ ಸ್ಥಿತಿಯಲ್ಲಿದ್ದವು. ತನ್ನದೇ ಪಟ್ಟಿಯನ್ನು ಬಳಸುವ ಫೈರ್‌ಫಾಕ್ಸ್‌ಗೆ ಆ ತೊಂದರೆ ಇರಲಿಲ್ಲ. ಎಚ್ಚರಿಕೆ ಬಾರದಿದ್ದಾಗ ಓದುಗನು ‘ಎಲ್ಲವೂ ಸರಿಯಿದೆ’ ಎಂದೇ ಊಹಿಸುತ್ತಾನೆ. ವಿಳಾಸಪಟ್ಟಿಯ ಬೀಗದ ಗುರುತನ್ನು ಜನ ತಾಣದ ಸಾಚಾತನದ ಮುದ್ರೆಯೆಂದು ಓದತೊಡಗಿದ್ದರಿಂದ ಕ್ರೋಮ್ 2023ರಲ್ಲಿ ಅದನ್ನು ಕೈಬಿಟ್ಟದ್ದು ಈ ಊಹೆಯ ಬಲಕ್ಕೆ ಸಾಕ್ಷಿ. ಪಾಲನೆಯನ್ನಷ್ಟೇ ಕಲಿತ ಓದುಗನಿಗೆ ಇಂತಹ ಮೌನದ ಎದುರು ಯಾವ ಆಸರೆಯೂ ಇಲ್ಲ.

6. ಕನ್ನಡದಲ್ಲಿ ಎಚ್ಚರಿಕೆ

ಮೇಲಿನ ಸಂಶೋಧನೆಯ ಎಚ್ಚರಿಕೆಗಳೆಲ್ಲ ಇಂಗ್ಲಿಷಿನಲ್ಲಿ ಹುಟ್ಟಿದವು. ಕನ್ನಡವೂ ಸೇರಿದಂತೆ ಇತರ ಭಾಷೆಗಳಿಗೆ ಅವು ಅನುವಾದಗೊಂಡು ಬರುತ್ತವೆ. ಕ್ರೋಮ್‌ನ ಇಂಗ್ಲಿಷ್ ಎಚ್ಚರಿಕೆಯನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ನಿಮ್ಮ ಸಂಪರ್ಕವು ಖಾಸಗಿಯಾಗಿಲ್ಲ. ದಾಳಿಕೋರರು ಈ ತಾಣದಿಂದ ನಿಮ್ಮ ಮಾಹಿತಿಯನ್ನು ಕದಿಯಲು ಪ್ರಯತ್ನಿಸುತ್ತಿರಬಹುದು.’ ಇದು ಯಾವುದೇ ಆವೃತ್ತಿಯ ಉದ್ಧರಣೆಯಲ್ಲ, ಪರಿಶೀಲನೆಗಾಗಿ ನಾವು ಕಟ್ಟಿಕೊಂಡ ಮಾದರಿ. ವ್ಯಾಕರಣದ ತಪ್ಪು ಇದರಲ್ಲಿಲ್ಲ. ಎಚ್ಚರಿಕೆಯಾಗಿ ಇದು ನಾಲ್ಕು ಕಡೆ ಸಡಿಲವಾಗುತ್ತದೆ.

ಮೊದಲನೆಯದು ‘ಖಾಸಗಿ’ ಎಂಬ ಪದ. ಖಾಸಗಿ ಬದುಕು, ಖಾಸಗಿ ವಿಷಯ ಎಂಬ ಬಳಕೆಗಳು ಕನ್ನಡದಲ್ಲಿವೆ. ಆದರೆ ದಿನಬಳಕೆಯಲ್ಲಿ ಈ ಪದ ‘ಸರ್ಕಾರಿ’ ಎಂಬುದಕ್ಕೆ ಎದುರಾಗಿ ನಿಲ್ಲುತ್ತದೆ: ಖಾಸಗಿ ಬಸ್ಸು, ಖಾಸಗಿ ಶಾಲೆ, ಖಾಸಗಿ ಆಸ್ಪತ್ರೆ. ಪಹಣಿಗಾಗಿ ಸರ್ಕಾರಿ ತಾಣವನ್ನು ತೆರೆಯಹೊರಟವನಿಗೆ ‘ಖಾಸಗಿಯಾಗಿಲ್ಲ’ ಎಂಬ ಮಾತು ಅಪಾಯದ ಸೂಚನೆಯಾಗಿ ತಟ್ಟಬೇಕೆಂದೇನೂ ಇಲ್ಲ.

ಎರಡನೆಯದು ‘ಇಂದ’ ಪ್ರತ್ಯಯ. ಶಾಲಾ ವ್ಯಾಕರಣಗಳು ತೃತೀಯಾ ವಿಭಕ್ತಿಗೆ ‘ಇಂದ’ವನ್ನೂ ಪಂಚಮಿಗೆ ‘ದೆಸೆಯಿಂದ’ವನ್ನೂ ಹೇಳುತ್ತವೆ, ಬಳಕೆಯಲ್ಲಿ ಎರಡಕ್ಕೂ ‘ಇಂದ’ವೇ. ಹೀಗಾಗಿ ‘ತಾಣದಿಂದ ಕದಿಯಲು’ ಎಂಬಲ್ಲಿ ತಾಣವು ಕಳವಾಗುವ ಸ್ಥಳವೋ ಕಳವಿನ ಸಾಧನವೋ ತಿಳಿಯದು. ಇಂಗ್ಲಿಷ್ ಓದುಗರೂ ಅಪಾಯದ ಮೂಲವನ್ನು ಗುರುತಿಸುವಲ್ಲಿ ಎಡವಿದ್ದರೆಂಬುದನ್ನು ಹಿಂದೆ ನೋಡಿದೆವು. ಕನ್ನಡದಲ್ಲಿ ಆ ಗೊಂದಲಕ್ಕೆ ವಿಭಕ್ತಿಯೇ ಇಂಬು ಕೊಡುತ್ತದೆ: ಓದುಗನು ತಾಣವನ್ನೇ ಕಳ್ಳನೆಂದು ತಿಳಿದಾನು, ಅಥವಾ ತನಗೆ ಪರಿಚಿತವಾದ ತಾಣ ಕದಿಯಲಾರದೆಂದು ನಂಬಿ ಎಚ್ಚರಿಕೆಯನ್ನೇ ತಳ್ಳಿಹಾಕಿಯಾನು. ಎರಡನೆಯದು ಹೆಚ್ಚು ಅಪಾಯಕಾರಿ.

ಮೂರನೆಯದು, ನಮ್ಮ ದೃಷ್ಟಿಯಲ್ಲಿ ಅತ್ಯಂತ ಮಹತ್ವದ್ದು, ಕ್ರಿಯಾರೂಪಕ್ಕೆ ಸಂಬಂಧಿಸಿದುದು. ಫ್ರಾಂಟಿಶೆಕ್ ಲಿಖ್ಟೆನ್‌ಬರ್ಕ್ 1995ರ ತಮ್ಮ ಅಧ್ಯಯನದಲ್ಲಿ, ಕೆಲವು ಭಾಷೆಗಳು ‘ಆಗಬಹುದು’ ಎಂಬ ಸಾಧ್ಯತೆಯನ್ನೂ ‘ಆಗದಿರಲಿ’ ಎಂಬ ಅಳುಕನ್ನೂ ಒಂದೇ ವ್ಯಾಕರಣ ರೂಪದಲ್ಲಿ ಹಿಡಿದಿಡುತ್ತವೆಂದು ತೋರಿಸಿದರು; ಅವರ ಮುಖ್ಯ ಆಧಾರ ಸೊಲೊಮನ್ ದ್ವೀಪಗಳ ಒಂದು ಭಾಷೆ. ಕನ್ನಡದ ಸಂಭಾವನಾರ್ಥಕ ರೂಪವು ಇದಕ್ಕೆ ಬಹಳ ಹತ್ತಿರ ನಿಲ್ಲುತ್ತದೆ. ‘ಮಳೆ ಬಂದೀತು’ ಎಂಬಲ್ಲಿ ಅದು ಬರಿಯ ಸಾಧ್ಯತೆಯನ್ನೋ ಆಸೆಯನ್ನೋ ಹೇಳಬಹುದು, ನಿಜ. ಆದರೆ ಅಹಿತವಾದ ಘಟನೆಯೊಂದಿಗೆ ಸೇರಿದಾಗ ಅದು ಎಚ್ಚರಿಕೆಯಾಗುತ್ತದೆ: ‘ನಾಯಿ ಕಚ್ಚೀತು’, ‘ಕಾಲು ಜಾರೀತು’, ‘ಬಿದ್ದೀಯ, ಜೋಕೆ’. ಪ್ರತಿಧ್ವನಿ ಪದ ಸೇರಿ ‘ಬಿದ್ದು ಗಿದ್ದೀಯ’ ಎಂದಾದರೆ ಅಳುಕು ಇನ್ನೂ ತೀವ್ರ. ಇಲ್ಲಿ ‘ಎಚ್ಚರಿಸುತ್ತೇನೆ’ ಎಂದು ಬೇರೆ ಹೇಳಬೇಕಾಗಿಲ್ಲ. ಕ್ರಿಯಾಪದದ ಪ್ರತ್ಯಯವೇ ಎಚ್ಚರಿಸುತ್ತದೆ.

‘-ಬಹುದು’ ಎಂಬುದಕ್ಕೆ ಈ ಶಕ್ತಿಯಿಲ್ಲ. ‘ನೀವಿನ್ನು ಹೋಗಬಹುದು’ ಎಂಬಲ್ಲಿ ಅದು ಅನುಮತಿ, ‘ಅವರು ನಾಳೆ ಬರಬಹುದು’ ಎಂಬಲ್ಲಿ ಊಹೆ. ‘ಬಿದ್ದೀಯ’ ಎಂದು ಕೂಗುವ ತಾಯಿ ‘ನೀನು ಬೀಳಬಹುದು’ ಎಂದು ಹೇಳುವುದಿಲ್ಲ. ಅನುವಾದದಲ್ಲಿ ಮಾತ್ರ ಇಂಗ್ಲಿಷಿನ ಸಾಧ್ಯತಾಸೂಚಕ ಸಹಾಯಕ ಕ್ರಿಯಾಪದದ ಜಾಗಕ್ಕೆ ‘-ಬಹುದು’ ತಾನಾಗಿ ಬಂದು ಕೂರುತ್ತದೆ. ಸಾಧ್ಯತೆ ಉಳಿಯುತ್ತದೆ, ಅಳುಕು ಕಳೆದುಹೋಗುತ್ತದೆ. ಸಂಭಾವನಾರ್ಥಕಕ್ಕೂ ಒಂದು ತೊಡಕಿದೆ ಎಂಬುದನ್ನು ಒಪ್ಪಬೇಕು. ‘ಮೋಸ ಹೋದೀರಿ’ ಎಂಬುದು ಎಚ್ಚರಿಕೆ, ‘ಮೋಸ ಹೋದಿರಿ’ ಎಂಬುದು ನಡೆದ ಸಂಗತಿಯ ವರದಿ. ಎರಡರ ನಡುವೆ ಇರುವುದು ಒಂದು ದೀರ್ಘ. ಚಿಕ್ಕ ಪರದೆಯಲ್ಲಿ ಅದು ಕಣ್ತಪ್ಪಬಹುದು. ಆದ್ದರಿಂದ ‘ಸೋರಿ ಹೋದೀತು’ ಎಂಬಂತೆ, ಭೂತಕಾಲದ ರೂಪದೊಡನೆ ಬೆರೆಯದ ಪ್ರಥಮಪುರುಷದ ನಪುಂಸಕ ರೂಪಗಳು ಹೆಚ್ಚು ಯೋಗ್ಯ.

ನಾಲ್ಕನೆಯದು ಗುಂಡಿಯ ಮಾತು. ಇಂಗ್ಲಿಷಿನ ಗುಂಡಿಗಳ ಮೇಲಿರುವುದು ಬರಿಯ ಧಾತು. ಅದು ಬಳಕೆದಾರನು ಯಂತ್ರಕ್ಕೆ ಕೊಡುವ ಅಪ್ಪಣೆಯೆಂದು ಓದಿಕೊಳ್ಳಲು ಅಲ್ಲಿ ಅಡ್ಡಿಯಿಲ್ಲ. ಕನ್ನಡದಲ್ಲಿ ಅದು ‘ಮುಂದುವರಿಯಿರಿ’ ಎಂದಾಗುತ್ತದೆ. ಗೌರವಸೂಚಕ ಪ್ರತ್ಯಯ ಬಂದೊಡನೆ ಮಾತಿನ ದಿಕ್ಕು ಬದಲಾಗುತ್ತದೆ: ಈಗ ನುಡಿಯುತ್ತಿರುವುದು ಬ್ರೌಸರ್, ಕೇಳುತ್ತಿರುವುದು ಬಳಕೆದಾರ. ‘ಬನ್ನಿ, ಕುಳಿತುಕೊಳ್ಳಿ’ ಎಂಬ ಉಪಚಾರದ ದನಿಯಲ್ಲೇ ಅದು ‘ಮುಂದುವರಿಯಿರಿ’ ಎನ್ನುತ್ತದೆ. ಮೇಲಿನ ಸಾಲಿನಲ್ಲಿ ಅಪಾಯವೆಂದು ಸಾರಿದ ದನಿಯೇ ಕೆಳಗಿನ ಸಾಲಿನಲ್ಲಿ ಅಪಾಯದತ್ತ ಆಹ್ವಾನಿಸುತ್ತದೆ. ‘ಅಪಾಯ ಗೊತ್ತಿದ್ದೂ ಮುಂದೆ ಹೋಗುತ್ತೇನೆ’ ಎಂದು ಉತ್ತಮಪುರುಷದಲ್ಲಿ ಬರೆದರೆ ಈ ವಿರೋಧ ಇಲ್ಲವಾಗುತ್ತದೆ, ಮಾತಿನ ಹೊಣೆ ಆಡುವವನಿಗೆ ಸೇರುತ್ತದೆ. ಕ್ರೋಮ್‌ನ ಎಚ್ಚರಿಕೆ ಪುಟದಲ್ಲಿ ‘ಇದು ಸುರಕ್ಷಿತವಲ್ಲ’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಒಂದೇ ಪದವಾಗಿ ಬೆರಳಚ್ಚಿಸಿದರೆ ದಾರಿ ತೆರೆಯುತ್ತದೆಂಬುದು ತಂತ್ರಜ್ಞರಿಗೆ ಗೊತ್ತಿರುವ ಸಂಗತಿ. ದಾಟುವವನ ಬಾಯಿಂದಲೇ ಅಪಾಯವನ್ನು ಹೇಳಿಸುವ ಈ ಉಪಾಯ ಜನಸಾಮಾನ್ಯರಿಗಾಗಿ ರೂಪಿಸಿದ್ದಲ್ಲ. ಆದರೆ ಅದರ ಹಿಂದಿನ ತತ್ತ್ವ ಗಮನಾರ್ಹ.

ಸರಳತೆಯ ಅಳತೆಗೂ ಇದೇ ಮಾತು ಅನ್ವಯಿಸುತ್ತದೆ. ಇಂಗ್ಲಿಷಿನಲ್ಲಿ ಪಠ್ಯದ ಸುಲಭತೆಯನ್ನು ಅಳೆಯುವ ಸೂತ್ರಗಳು ಪದದ ಮತ್ತು ವಾಕ್ಯದ ಉದ್ದವನ್ನು ಲೆಕ್ಕ ಹಾಕುತ್ತವೆ. ಪ್ರತ್ಯಯಗಳನ್ನು ಪೋಣಿಸಿ ಪದ ಕಟ್ಟುವ ಕನ್ನಡದಲ್ಲಿ ‘ಕೊಡಬೇಕಾಗಿರಲಿಲ್ಲ’ ಎಂಬ ಉದ್ದದ ಪದ ಯಾರಿಗೂ ಕಷ್ಟವಲ್ಲ; ‘ದೃಢೀಕರಣ’ ಎಂಬ ಗಿಡ್ಡ ಪದ ಹಲವರಿಗೆ ಕಷ್ಟ. ಇಂಗ್ಲಿಷಿನಲ್ಲಿ ಸರಳವೆಂದು ಅಳೆದ ಪಠ್ಯವನ್ನು ಅನುವಾದಿಸಿದ ಮಾತ್ರಕ್ಕೆ ಸರಳತೆಯೂ ಅನುವಾದಗೊಳ್ಳುವುದಿಲ್ಲ.

7. ಉಪಸಂಹಾರ

ನಮ್ಮ ವಾದವನ್ನು ಹೀಗೆ ಸಂಗ್ರಹಿಸಬಹುದು. ಆಯ್ಕೆಯನ್ನು ಉಳಿಸುವುದಾದರೆ ಗ್ರಹಿಕೆಯನ್ನು ಒದಗಿಸಬೇಕು. ಗ್ರಹಿಕೆಯನ್ನು ಒದಗಿಸಲಾಗದ ಕಡೆ ಆಯ್ಕೆಯ ಸೋಗೂ ಇರಬಾರದು. ತನ್ನನ್ನು ಸುರಕ್ಷಿತ ಸಂಪರ್ಕದಲ್ಲಿ ಮಾತ್ರ ತೆರೆಯಬೇಕೆಂದು ತಾಣವೇ ಘೋಷಿಸುವ ವ್ಯವಸ್ಥೆ 2012ರಿಂದ ಅಂತರಜಾಲದ ಮಾನಕಗಳಲ್ಲಿದೆ. ಅಂತಹ ತಾಣಗಳಲ್ಲಿ ದೋಷ ಕಂಡರೆ ಬ್ರೌಸರ್ ದಾಟುವ ಗುಂಡಿಯನ್ನೇ ಕೊಡುವುದಿಲ್ಲ. ಅದು ಪ್ರಾಮಾಣಿಕವಾದ ನಿಷೇಧ. ಅದರ ಭಾಷೆಯೂ ನಿಷೇಧದ ಭಾಷೆಯಾಗಲಿ. ದಾರಿಯನ್ನು ತೆರೆದಿಟ್ಟೂ ಮರೆಮಾಡುವ ನಡುವಿನ ಸ್ಥಿತಿಯೇ ನಮಗೆ ಆಕ್ಷೇಪಾರ್ಹ. ಅಲ್ಲಿ ನಿರ್ಧಾರವನ್ನು ವಿನ್ಯಾಸಕ ಮಾಡಿರುತ್ತಾನೆ, ಹೊಣೆಯನ್ನು ಬಳಕೆದಾರ ಹೊರುತ್ತಾನೆ.

ಕನ್ನಡಕ್ಕೆ ಬೇಕಾದುದು ಅನುವಾದಗೊಂಡ ಎಚ್ಚರಿಕೆಯಲ್ಲ, ಕನ್ನಡದಲ್ಲಿ ಆಡಿದ ಎಚ್ಚರಿಕೆ. ಒಂದು ಕರಡನ್ನು ಇಲ್ಲಿ ಮುಂದಿಡುತ್ತೇವೆ:

‘ನಿಲ್ಲಿ. ನೀವು ತೆರೆಯಹೊರಟ ತಾಣ ಇದೇ ಎಂದು ಖಚಿತವಾಗಲಿಲ್ಲ. ನಡುವೆ ಯಾರೋ ಆ ತಾಣದ ವೇಷ ಹಾಕಿ ನಿಂತಿರಲೂ ಸಾಕು. ಈಗ ಪಾಸ್‌ವರ್ಡ್ ಕೊಟ್ಟರೆ ಅದು ಅವರ ಕೈ ಸೇರೀತು.’

ಗುಂಡಿಗಳು: ‘ಬೇಡ, ಹಿಂದಕ್ಕೆ ಹೋಗುತ್ತೇನೆ’; ‘ಅಪಾಯ ಗೊತ್ತಿದ್ದೂ ಮುಂದೆ ಹೋಗುತ್ತೇನೆ’.

ಇಲ್ಲಿ ತಾಣ ಕಳ್ಳನಲ್ಲ, ನಡುವೆ ನಿಂತವನು ಕಳ್ಳ ಎಂಬುದು ತಿಳಿಯುತ್ತದೆ. ಯಾವುದು ಕಳೆದುಹೋಗುತ್ತದೆ, ಯಾವಾಗ ಕಳೆದುಹೋಗುತ್ತದೆ ಎಂಬುದೂ ತಿಳಿಯುತ್ತದೆ. ಈ ಕರಡನ್ನು ಪರೀಕ್ಷೆಗೆ ಒಡ್ಡಬೇಕು. ಬೀದರಿನ ಓದುಗರಿಗೂ ಮಡಿಕೇರಿಯ ಓದುಗರಿಗೂ ‘ಸೇರೀತು’ ಒಂದೇ ಬಲದಿಂದ ತಟ್ಟುತ್ತದೆಯೇ ಎಂದು ಅಳೆಯಬೇಕು. ಆಗ ಕೇಳಬೇಕಾದ ಪ್ರಶ್ನೆ ‘ಎಷ್ಟು ಮಂದಿ ಹಿಂದಿರುಗಿದರು?’ ಎಂಬುದೊಂದೇ ಅಲ್ಲ. ‘ಏನಾಯಿತೆಂದು ಪಕ್ಕದವರಿಗೆ ಹೇಳಬಲ್ಲಿರಾ?’ ಎಂದೂ ಕೇಳಬೇಕು. ಹೇಳಬಲ್ಲವರ ಸಂಖ್ಯೆ ಹೆಚ್ಚಿದರೆ, ಆ ಎಚ್ಚರಿಕೆ ಎಚ್ಚರಿಸಿತು ಎನ್ನಬಹುದು.